ಮುಖ ಯಾರದು, ಪಟ ಯಾರದು?

ನಮ್ಮ ಯಲಬುರ್ಗಾ ಕಡೆಯ ಹಳೆ ಮನೆಗಳ ಪಡಸಾಲೆಗೆ ಹೋದರೆ ಗೋಡೆ ಮೇಲೆ ಒಂದೆರಡು ಫೋಟೋ ಇದ್ದೇ ಇರುತ್ತವೆ. ಹೆಚ್ಚಿನವು ತೀರಿಹೋದವರವು. ಹಾರ, ಕುಂಕುಮ, ಕೆಳಗೊಂದು ಸಣ್ಣ ದೀಪ. ಬದುಕಿದ್ದಾಗ ಫೋಟೋ ತೆಗೆಸಿದರೆ ಆಯುಷ್ಯ ಕಮ್ಮಿ ಆಗ್ತದ ಅಂತ ನಂಬಿದ ಹಿರಿಯರು ನಮ್ಮಲ್ಲಿದ್ದರು. ಎಷ್ಟೋ ಅಜ್ಜಿಯರ ಮೊದಲ ಫೋಟೋ ಅಂದರೆ ವೋಟರ್ ಚೀಟಿಯದ್ದು. ಚುನಾವಣಾ ಆಯೋಗ ಫೋಟೋ ಇರುವ ಗುರುತಿನ ಚೀಟಿಗೆ ಆದೇಶ ಮಾಡಿದ್ದು 1993ರಲ್ಲಿ. ಅದು ಸರಕಾರಕ್ಕೆ ಬೇಕು ಅಂತ ತೆಗೆದ ಪಟ. ತನಗೆ ಬೇಕು ಅಂತ ಒಂದು ಪಟ ತೆಗೆಸಿಕೊಂಡ ಅಜ್ಜಿ ಸಿಗುವುದು ಕಷ್ಟ.

ಕೆಟ್ಟದ್ದನ್ನು ಅನುಭವಿಸಿ ಬಂದವರಿಗೆ ಅವರದೇ ಭಾವಚಿತ್ರ ತೆಗೆದು ತೋರಿಸಿದರೆ ಮನಸ್ಸು ಚೇತರಿಸಿಕೊಳ್ಳುತ್ತದೆ, ಧೈರ್ಯ ಬರುತ್ತದೆ ಅನ್ನುವ ಮಾತು ಈಗ ಪೇಟೆಗಳಲ್ಲಿ ಕೇಳಿಬರುತ್ತಿದೆ. ನಾವು ಅದನ್ನು ಸುಳ್ಳು ಅನ್ನುವುದಿಲ್ಲ. ಆದರೆ ಕ್ಯಾಮೆರಾ ನಮ್ಮ ಸೀಮೆಯ ನೊಂದ ಜನರ ಎದುರು ಮೊದಲು ನಿಂತದ್ದು ಹೇಗೆ ಅನ್ನುವುದು ಗೊತ್ತಿದ್ದರೆ ಈ ಮಾತಿನ ಅರ್ಥ ಬೇರೆಯೇ ಆಗುತ್ತದೆ.

ಕ್ಯಾಮೆರಾ ಇತ್ತ ಬಂದದ್ದು ಕಲ್ಲಿನ ಸಲುವಾಗಿ. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಗುಡಿ, ಮಂಟಪಗಳನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಅದೇ 1856ರಲ್ಲಿ ಇಂಗ್ಲೆಂಡಿನಲ್ಲಿ ಹ್ಯೂ ಡೈಮಂಡ್ ಎಂಬ ವೈದ್ಯ ಒಂದು ಪ್ರಬಂಧ ಮಂಡಿಸಿದ. ಆತ ಸರ್ರೆ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದ. ರೋಗಿಗಳ ಫೋಟೋ ತೆಗೆದು ಅವರಿಗೇ ತೋರಿಸುತ್ತಿದ್ದ. ತಾನು ರಾಣಿ ಎಂದು ನಂಬಿದ್ದ ಒಬ್ಬ ತರುಣಿ ತನ್ನದೇ ಹಿಂದಿನ ಪಟಗಳನ್ನು ನೋಡಿ ನಕ್ಕಳು, ಹಾಗೆ ನೋಡುವುದು ಗುಣವಾಗಲು ನೆರವಾಯಿತು ಎಂಬುದು ಅವನ ಹೇಳಿಕೆ. ಪಟದಿಂದ ಮನಸ್ಸಿಗೆ ಮದ್ದು ಅನ್ನುವ ವಿಚಾರ ಹೀಗೆ ಫೋಟೋಗ್ರಫಿಯಷ್ಟೇ ಹಳೆಯದು ಅನ್ನಬಹುದು. ಆದರೆ ಆ ಪಟಗಳಲ್ಲಿ ಹೇಗೆ ಕೂರಬೇಕು, ಪಟದ ಕೆಳಗೆ ಏನು ಬರೆಯಬೇಕು ಅನ್ನುವುದೆಲ್ಲ ಡಾಕ್ಟರನ ಕೈಯಲ್ಲೇ ಇತ್ತು.

ಇಪ್ಪತ್ತು ವರ್ಷದ ನಂತರ ಧಾತು ಸಂವತ್ಸರದ ಬರ ಬಂತು. 1876ರಿಂದ 78ರವರೆಗೆ ಮದರಾಸು, ಮೈಸೂರು, ಹೈದರಾಬಾದ್, ಮುಂಬೈ ಪ್ರಾಂತಗಳನ್ನು ಅದು ಸುಟ್ಟಿತು. ಪಕ್ಕದ ಬಳ್ಳಾರಿ ಜಿಲ್ಲೆ ಹೆಚ್ಚು ಹಾಳಾದ ಜಿಲ್ಲೆಗಳಲ್ಲೊಂದು. ಆಗ ನಮ್ಮ ಯಲಬುರ್ಗಾ, ಕೊಪ್ಪಳ ನಿಜಾಮನ ರಾಜ್ಯದಲ್ಲಿದ್ದವು, ಅದರೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು. ಗಡಿ ಬೇರೆ ಇದ್ದರೂ ಬರಕ್ಕೆ ಗಡಿ ಇರಲಿಲ್ಲ.

ಈ ಬರದ ಫೋಟೋಗಳನ್ನು ತೆಗೆದವನು ವಿಲೋಬಿ ವಾಲೇಸ್ ಹೂಪರ್ ಎಂಬ ಮದರಾಸು ಸೇನೆಯ ಅಧಿಕಾರಿ. ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಈ ಪಟಗಳನ್ನು ನೋಡಿರುತ್ತೀರಿ, ಆಗಾಗ ವಾಟ್ಸಾಪಿನಲ್ಲಿ ಬರುತ್ತವೆ. ಎಲುಬು ಎಣಿಸಬಹುದಾದ ಮೈ, ತಾಯಿಯ ತೊಡೆ ಮೇಲೆ ತಲೆ ಎತ್ತಲಾರದ ಕೂಸು. ಸ್ವಲ್ಪ ಹೊತ್ತು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಆ ಜನ ಸಾಲಾಗಿದ್ದಾರೆ. ಕೆಲವರು ಹಿಂದೆ ನಿಂತಿದ್ದಾರೆ, ಕೆಲವರು ಮುಂದೆ ಕುಳಿತಿದ್ದಾರೆ, ಥೇಟ್ ಸ್ಟುಡಿಯೋದಲ್ಲಿ ಕುಟುಂಬದ ಫೋಟೋಕ್ಕೆ ಕೂತ ಹಾಗೆ. ನಿಲ್ಲಲು ತ್ರಾಣವಿಲ್ಲದವರನ್ನು ಯಾರೋ ಹಾಗೆ ಜೋಡಿಸಿದ್ದಾರೆ. ಪಟದ ಕೆಳಗೆ ಪರಿಹಾರ ಶಿಬಿರದವರು ಅಂತಲೋ ಬರಪೀಡಿತರು ಅಂತಲೋ ಇರುತ್ತದೆ. ಕುಳಿತವರ ಹೆಸರಿಲ್ಲ.

ಆ ಪಟಗಳಿಂದ ಏನೂ ಉಪಯೋಗ ಆಗಲಿಲ್ಲ ಅನ್ನಲಾರೆವು. ವಿಲಿಯಂ ಡಿಗ್ಬಿ ಎಂಬ ಪತ್ರಕರ್ತ 1878ರಲ್ಲಿ ಈ ಬರದ ಬಗ್ಗೆ ದೊಡ್ಡ ಪುಸ್ತಕ ಬರೆದ. ಹೂಪರನ ಪಟಗಳನ್ನು ಆಧರಿಸಿದ ಚಿತ್ರಗಳು ಅದರಲ್ಲಿದ್ದವು. ಇಲ್ಲಿ ಏನಾಗುತ್ತಿದೆ ಎಂದು ಅಲ್ಲಿಯವರು ಕಣ್ಣಾರೆ ಕಂಡರು. ಆದರೆ ಆ ತಾಯಿ ತನ್ನ ಪಟವನ್ನು ಎಂದೂ ನೋಡಿರಲಿಕ್ಕಿಲ್ಲ. ಹೂಪರನ ಮನಸ್ಸು ಎಂಥದ್ದು ಅಂತ ಮುಂದೆ ಬರ್ಮಾದಲ್ಲಿ ಗೊತ್ತಾಯಿತು. 1886ರಲ್ಲಿ ಮಂಡಾಲೆಯಲ್ಲಿ ಕೈದಿಗಳನ್ನು ಗುಂಡಿಟ್ಟು ಕೊಲ್ಲುವಾಗ, ಫೋಟೋ ಸರಿಯಾಗಿ ಬರಲಿ ಎಂದು ಗುಂಡು ಹಾರಿಸುವ ಹುಕುಂ ಕೊಡಲು ತಡಮಾಡಿದ ಎಂಬ ಆರೋಪ ಬಂತು, ವಿಚಾರಣೆ ನಡೆದು ಛೀಮಾರಿಯೂ ಆಯಿತು.

ನಮ್ಮದೇ ಹೈದರಾಬಾದಿನಲ್ಲಿ 1892ರಲ್ಲಿ ಬೇರೆ ತರಹದ ಸ್ಟುಡಿಯೋ ಒಂದು ತೆರೆಯಿತು. ನಿಜಾಮರ ಫೋಟೋಗ್ರಾಫರ್ ಲಾಲಾ ದೀನದಯಾಳ್ ಪರದೆಯಲ್ಲಿರುವ ಹೆಣ್ಣುಮಕ್ಕಳಿಗಾಗಿಯೇ ಜನಾನಾ ಸ್ಟುಡಿಯೋ ಮಾಡಿದರು. ಅದನ್ನು ನಡೆಸಿದ್ದು ಕೆನ್ನಿ ಲೆವಿಕ್ ಎಂಬ ಮಹಿಳೆ. ಗಂಡಸರ ಕಣ್ಣಿಗೆ ಬೀಳದೆ, ತಮಗೆ ಬೇಕಾದ ಹಾಗೆ ಕುಳಿತು ಪಟ ತೆಗೆಸಿಕೊಳ್ಳಬಹುದಿತ್ತು. ಆದರೆ ಅದು ಸಿರಿವಂತರ ಮಾತು. ಜಹಗೀರಿನ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಹೈದರಾಬಾದ್ ಬಹಳ ದೂರ.

ಬಡವರಿಗೆ ಇದು ಸಾಧ್ಯವೇ ಇರಲಿಲ್ಲವೇ ಅಂದರೆ, ದೂರದ ಅಮೆರಿಕದಿಂದ ಒಂದು ಉದಾಹರಣೆ ಇದೆ. ಸೊಜರ್ನರ್ ಟ್ರೂತ್ ಗುಲಾಮಳಾಗಿ ಹುಟ್ಟಿದವಳು, ಮಾರಾಟವಾದವಳು, ಓದು ಬರಹ ಬಾರದವಳು. 1860ರ ದಶಕದಲ್ಲಿ ಆಕೆ ಸ್ಟುಡಿಯೋಗೆ ಹೋಗಿ ಅಚ್ಚುಕಟ್ಟಾದ ಬಟ್ಟೆ ತೊಟ್ಟು, ಕೈಯಲ್ಲಿ ಹೆಣಿಗೆ ಹಿಡಿದು ಫೋಟೋ ತೆಗೆಸಿದಳು. ಅದರ ಕಾರ್ಡುಗಳನ್ನು ಸಭೆಗಳಲ್ಲಿ ಮಾರಿ ಹೊಟ್ಟೆ ಹೊರೆದಳು. ಪಟದ ಹಕ್ಕನ್ನೂ ತನ್ನ ಹೆಸರಿಗೇ ಮಾಡಿಸಿಕೊಂಡಳು. ಒಂದು ಕಾಲಕ್ಕೆ ಅವಳ ಮೈಯನ್ನು ಬೇರೆಯವರು ಮಾರಿದ್ದರು. ಈಗ ತನ್ನ ಮುಖದ ಪಟವನ್ನು ಅವಳೇ ಮಾರುತ್ತಿದ್ದಳು. ಹೂಪರನ ಪಟಗಳಿಗೂ ಇದಕ್ಕೂ ನಡುವೆ ಹತ್ತು ಹನ್ನೆರಡು ವರ್ಷದ ಅಂತರವಷ್ಟೇ. ಯಂತ್ರದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ.

ಇದನ್ನೇ ಚಿಕಿತ್ಸೆಯ ಕ್ರಮವಾಗಿ ಬೆಳೆಸಿದವರಲ್ಲಿ ಇಂಗ್ಲೆಂಡಿನ ಜೋ ಸ್ಪೆನ್ಸ್ ಒಬ್ಬಳು. ಮೊದಲು ನಮ್ಮ ಊರಿನ ಸ್ಟುಡಿಯೋದವರ ಹಾಗೆಯೇ ಮದುವೆ, ಮಕ್ಕಳ ಫೋಟೋ ತೆಗೆದು ಬದುಕುತ್ತಿದ್ದಳು. 1982ರಲ್ಲಿ ಸ್ತನ ಕ್ಯಾನ್ಸರ್ ಬಂತು. ಆಪರೇಷನ್ನಿಗೆ ಮೊದಲು ತನ್ನ ಎದೆಯ ಮೇಲೆ, ಇದು ಜೋ ಸ್ಪೆನ್ಸಳ ಸ್ವತ್ತೇ ಎಂಬ ಪ್ರಶ್ನೆ ಬರೆದುಕೊಂಡು ಫೋಟೋ ತೆಗೆಸಿಕೊಂಡಳು. ಮುಂದೆ ರೋಜಿ ಮಾರ್ಟಿನ್ ಎಂಬ ಗೆಳತಿಯ ಜೊತೆ ಸೇರಿ ಹೊಸ ಕ್ರಮ ಕಟ್ಟಿದಳು. ಒಬ್ಬಳು ಕ್ಯಾಮೆರಾ ಹಿಡಿದರೆ ಇನ್ನೊಬ್ಬಳು ತನ್ನ ಬದುಕಿನ ನೋವಿನ ಗಳಿಗೆಯನ್ನು ವೇಷ ಹಾಕಿ ಅಭಿನಯಿಸಬೇಕು, ಆಮೇಲೆ ಅದಲುಬದಲು. ಏನು ತೆಗೆಯಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಕ್ಯಾಮೆರಾ ಎದುರಿನವಳ ಮಾತು.

ಇನ್ನು ನಮ್ಮ ಜಿಲ್ಲೆಗೇ ಬರೋಣ. ಮುನಿರಾಬಾದ್ ಹತ್ತಿರದ ಹುಲಿಗಿ ಎಲ್ಲರಿಗೂ ಗೊತ್ತು. 1975ರಲ್ಲಿ ಕಂಪ್ಲಿ, ಕುರುಗೋಡು ಕಡೆಯ ಹುಡುಗ ಮಂಜುನಾಥನನ್ನು ಮನೆಯವರು ಹುಲಿಗೆಮ್ಮನ ಗುಡಿಗೆ ಕರೆತಂದರು. ದೀಕ್ಷೆಯಾಯಿತು, ಮಂಜುನಾಥ ಮಂಜಮ್ಮ ಜೋಗತಿಯಾದರು. ಮನೆ ದೂರವಾಯಿತು. ಭಿಕ್ಷೆ ಬೇಡಿದರು, ದೌರ್ಜನ್ಯ ಅನುಭವಿಸಿದರು, ಒಮ್ಮೆ ವಿಷವನ್ನೂ ಕುಡಿದಿದ್ದರು. ಇದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಾಳವ್ವ ಜೋಗತಿಯವರಿಂದ ಜೋಗತಿ ಕುಣಿತ ಕಲಿತರು, ತಲೆ ಮೇಲೆ ಕೊಡ ಹೊತ್ತು ಊರೂರು ತಿರುಗಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಅವರಿಗೆ ಪದ್ಮಶ್ರೀ ಪ್ರದಾನವಾಯಿತು. ಅಲ್ಲಿ ಫೋಟೋಕ್ಕೆ ಒಂದು ರೀತಿ ಇದೆ. ನಡೆದು ಬರಬೇಕು, ಪದಕ ತೆಗೆದುಕೊಳ್ಳಬೇಕು, ಕ್ಯಾಮೆರಾ ಕಡೆ ನೋಡಬೇಕು, ಇಳಿಯಬೇಕು. ಮಂಜಮ್ಮ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರು ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ನಮ್ಮ ಕಡೆ ಜೋಗತಿಯರು ಮಾಡುವ ಹಾಗೆಯೇ. ಮರುದಿನ ದೇಶವೆಲ್ಲ ಆ ಪಟ ನೋಡಿತು. ಹರಕೆ ಮತ್ತು ಭಿಕ್ಷೆಯ ಜೊತೆ ಮಾತ್ರ ಕಾಣುತ್ತಿದ್ದ ಕೈಸನ್ನೆಯೊಂದು ದರ್ಬಾರ್ ಹಾಲ್‌ನಲ್ಲಿ ಆಶೀರ್ವಾದವಾಗಿ ಕಂಡಿತು. ಆ ಪಟ ಹೇಗಿರಬೇಕು ಎಂದು ತೀರ್ಮಾನಿಸಿದ್ದು ಫೋಟೋಗ್ರಾಫರ್ ಅಲ್ಲ, ಮಂಜಮ್ಮ. ಈ ಇಡೀ ಚರಿತ್ರೆಯಲ್ಲಿ ನಮಗೆ ಹೆಚ್ಚು ಇಷ್ಟವಾದ ಭಾವಚಿತ್ರ ಅದು.

ನಮ್ಮ ಕಸುಬಿಗೂ ಇದು ತಾಗುತ್ತದೆ. ರೈತ ಆತ್ಮಹತ್ಯೆ ಮಾಡಿಕೊಂಡ ಮನೆಗೆ ಹೋದ ವರದಿಗಾರರು ಹೆಂಡತಿಯ ಕೈಗೆ ಗಂಡನ ಫೋಟೋ ಕೊಟ್ಟು ನಿಲ್ಲಿಸುವುದು ರೂಢಿಯಾಗಿಬಿಟ್ಟಿದೆ. ಪರಿಹಾರ ಸಿಗಲು ಸುದ್ದಿ ಬರಬೇಕು, ನಿಜ. ಆದರೆ ಹೂಪರ್ ಜೋಡಿಸಿದ ಸಾಲಿಗೂ ಇದಕ್ಕೂ ಎಷ್ಟು ದೂರ? ದೇವದಾಸಿ ತಾಯಂದಿರ ವರದಿ ಅಂದರೆ ಕೊರಳ ಮುತ್ತಿನ ಸರವೇ ಫೋಟೋ ಆಗಬೇಕೆಂಬ ಹಟವೂ ಹಾಗೆಯೇ. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಮುತ್ತು ತೆಗೆದಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತವಳು ಅಲ್ಲೇ ಫೋಟೋ ಬೇಕು ಅಂದರೆ ಅದನ್ನೇ ತೆಗೆಯಬೇಕಲ್ಲವೇ?

ಮುಖ ತೋರಿಸುವುದೇ ಧೈರ್ಯ ಅಂತಲೂ ಯಾರೂ ತಿಳಿಯಬೇಕಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು 1983ರಿಂದಲೂ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ದಂಡ. ಗ್ರೂಪಿನಲ್ಲಿ ಬಂದ ಫೋಟೋ ಎಂದು ಮುಂದಕ್ಕೆ ಕಳಿಸಿದವರಿಗೂ ಇದು ಕುತ್ತಿಗೆಗೆ ಬರಬಹುದು. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆ ಇನ್ನೂ ಬಿಗಿ. ವಯಸ್ಕಳಾದ ಹೆಣ್ಣುಮಗಳು ತಾನೇ ಮುಂದೆ ಬಂದು ಬರಹದಲ್ಲಿ ಒಪ್ಪಿದರೆ ಮಾತು ಬೇರೆ. ತೋರಿಸುವುದೂ ಮುಚ್ಚುವುದೂ ಅವಳದೇ.

ಫೋಟೋ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅನ್ನುವವರನ್ನು ನಾವು ನಂಬುವುದಿಲ್ಲ. ನಿದ್ದೆ ಬಾರದೆ, ಊಟ ಸೇರದೆ ಇರುವವರಿಗೆ ಮೊದಲು ಬೇಕಾದದ್ದು ಡಾಕ್ಟರು. ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಫೋಟೋ ತೆಗೀಲೇನವ್ವಾ ಅಂದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಹೇಳುವ ಮಾತು ಬಹುತೇಕ ಒಂದೇ: "ತಡೀರಿ, ಸೀರಿ ಉಟ್ಗೊಂಡು ಬರ್ತೀನಿ." ಒಳಗೆ ಹೋಗಿ ತಲೆ ಬಾಚಿ, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬರಲು ಅರ್ಧ ತಾಸು ಹಿಡಿಯುತ್ತದೆ. ಆತುರದವರು ಅಷ್ಟರಲ್ಲಿ ಹೊಲದ ಬಟ್ಟೆಯಲ್ಲಿದ್ದಾಗಲೇ ಒಂದು ಫೋಟೋ ಹೊಡೆದುಕೊಂಡಿರುತ್ತಾರೆ, ಅದೇ ಸಹಜವಾಗಿ ಬರುತ್ತದೆ ಅಂತ. ನಾವು ಕಟ್ಟೆ ಮೇಲೆ ಕುಳಿತು ಕಾಯುತ್ತೇವೆ. ಆಮೇಲೆ ತೆಗೆದದ್ದನ್ನು ತೋರಿಸುತ್ತೇವೆ, ಬೇಡ ಅಂದದ್ದನ್ನು ಅವರೆದುರೇ ಅಳಿಸುತ್ತೇವೆ, ಒಪ್ಪಿದ್ದನ್ನು ಯಲಬುರ್ಗಾದಲ್ಲಿ ಪ್ರಿಂಟ್ ಹಾಕಿಸಿ ಮುಂದಿನ ಸಲ ಹೋದಾಗ ಕೈಗೆ ಕೊಡುತ್ತೇವೆ.