ಖಾಸಾ ತಮ್ಮ, ಖಾಸಗಿ ದರ್ಬಾರು

'ಇವನು ನನ್ನ ಖಾಸಾ ತಮ್ಮ' ಎಂದು ಯಾರಾದರೂ ಪರಿಚಯ ಮಾಡಿಕೊಟ್ಟರೆ, ದಾಯಾದಿಯಲ್ಲ, ಒಡಹುಟ್ಟಿದವನೇ ಎಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 'ಸ್ವಂತ' ಎಂಬುದಕ್ಕಿಂತ ಈ ಮಾತಿನಲ್ಲಿ ಸಲಿಗೆ ಹೆಚ್ಚು. ಮಹಾಪ್ರಾಣದ ಗೊಡವೆಗೆ ಹೋಗದೆ 'ಕಾಸಾ' ಎನ್ನುವವರೂ ಉಂಟು.

ಮೂಲ ಅರಬ್ಬಿಯ 'ಖಾಸ್'. ವಿಶೇಷವಾದದ್ದು, ತನ್ನದೇ ಆದದ್ದು ಎಂದರ್ಥ. ಪಾರಸಿಯ ಕೈಹಿಡಿದು ಅದು ಎರಡು ದಿಕ್ಕಿಗೂ ನಡೆಯಿತು. ತುರ್ಕಿಯಲ್ಲಿ 'ಹಾಸ್' ಆಯಿತು. ಅಲ್ಲಿ ಸುಲ್ತಾನನ ತೋಟ 'ಹಾಸ್ ಬಾಹ್ಚೆ'; 16ನೇ ಶತಮಾನದಲ್ಲಿ ಸುಲ್ತಾನ್ ಸುಲೇಮಾನನ ಮಡದಿ ಹುರ್ರೆಮಳ ಬಿರುದು 'ಹಾಸೆಕಿ'. ಆ ಬಿರುದೂ ನಮ್ಮ 'ಖಾಸಗಿ'ಯೂ ಒಂದೇ ಬೇರಿನ ಕುಡಿಗಳು ಎಂದರೆ ಬೆರಗಾಗುತ್ತದೆ.

ಇತ್ತ ಕನ್ನಡ ನಾಡಿಗೆ ಪಾರಸಿ ಬಂದದ್ದು ಬಹಮನಿ, ಆದಿಲ್‌ಶಾಹಿ ದಫ್ತರಗಳಿಂದ, ಮರಾಠಿಯ ಒಡನಾಟದಿಂದ, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಆಡಳಿತದಿಂದ. 1799ರಲ್ಲಿ ಟಿಪ್ಪು ಮಡಿದು ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂದರೂ ಅಮಲ್ದಾರ, ಶಿರಸ್ತೇದಾರ, ತಾಲ್ಲೂಕು, ಸವಾರಿ ಎಲ್ಲವೂ ಹಾಗೆಯೇ ಉಳಿದವು.

ಆಸ್ಥಾನಗಳಲ್ಲಿ ಈ ಪದಕ್ಕಿದ್ದ ತೂಕವೇ ಬೇರೆ. ದೆಹಲಿಯ ಕೆಂಪುಕೋಟೆಯಲ್ಲಿ ಆಯ್ದವರಿಗಷ್ಟೇ ಪ್ರವೇಶವಿದ್ದ ಸಭಾಂಗಣ ದಿವಾನ್-ಎ-ಖಾಸ್. ಇಂದೋರಿನ ಹೋಳ್ಕರರಲ್ಲಿ ರಾಣಿಯರ ಕೈಯಲ್ಲಿದ್ದ ಜಹಗೀರು 'ಖಾಸಗಿ'. 1897ರ ಬೆಂಕಿಯ ನಂತರ ಕಟ್ಟಿ 1912ರಲ್ಲಿ ಮುಗಿದ ಮೈಸೂರು ಅರಮನೆಯಲ್ಲೂ ಎಲ್ಲರ ಸಭೆಗೆ ದೊಡ್ಡ ದರ್ಬಾರ್ ಹಾಲ್, ಆಯ್ದ ಅತಿಥಿಗಳಿಗೆ ಅಂಬಾವಿಲಾಸ. ಖಾಸಗಿ ಎಂದರೆ ದೊರೆಗೆ ಹತ್ತಿರದ್ದು.

ಪ್ರಜಾಪ್ರಭುತ್ವ ಬಂದ ಮೇಲೆ ಪದ ಮಗ್ಗುಲು ಬದಲಿಸಿತು. ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಬಸ್ಸುಗಳು ಓಡತೊಡಗಿದವು; ಉಳಿದದ್ದು 'ಖಾಸಗಿ ಬಸ್'. ಶಾಲೆ, ಆಸ್ಪತ್ರೆಗಳಿಗೂ ಅದೇ ವಿಂಗಡಣೆ. ದೊರೆತನದ ಒಳಮನೆಯಲ್ಲಿದ್ದ ಪದ ಸರ್ಕಾರದ ಹೊರಗಿನದಕ್ಕೆ ಹೆಸರಾಯಿತು.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ರಾಜಪದವಿಯ ಮಾನ್ಯತೆಯನ್ನೂ ರದ್ದುಮಾಡಿತು. ಈಗ ದಸರಾ ಮೆರವಣಿಗೆಯ ಅಂಬಾರಿಯಲ್ಲಿ ಅರಸರಲ್ಲ, ಚಾಮುಂಡೇಶ್ವರಿ. ಅರಮನೆಯೊಳಗೆ ನವರಾತ್ರಿಗೆ ಚಿನ್ನದ ಸಿಂಹಾಸನ ಜೋಡಿಸುತ್ತಾರೆ, ಬಹುಪರಾಕು ಕೂಗುತ್ತಾರೆ. ಅದಕ್ಕೆ ಊರಿನವರು, ಪತ್ರಿಕೆಯವರು ಹೇಳುವ ಹೆಸರು ಖಾಸಗಿ ದರ್ಬಾರ್. ಅರಸರ ಸ್ವಂತದ್ದು ಎಂಬ ಹಳೆಯ ಅರ್ಥ, ಸರ್ಕಾರದ್ದಲ್ಲ ಎಂಬ ಹೊಸ ಅರ್ಥ, ಎರಡೂ ಇಲ್ಲಿ ಒಟ್ಟಿಗೆ ಕೂತಿವೆ. 2015ರಿಂದ ಆ ಸಿಂಹಾಸನವನ್ನು ಏರುತ್ತಿರುವವರು ಯದುವೀರ ಒಡೆಯರ್.