ರೇಷ್ಮೆ ಮೊಟ್ಟೆಗೂ ಹಗಲಿನ ಲೆಕ್ಕ ಗೊತ್ತು



ಮಡಕಶಿರಾ ಕಡೆಯ ಮಕ್ಕಳಿಗೆ ರೇಷ್ಮೆ ಹೊಸದಲ್ಲ. 'ಜ್ವರ' ಅಂದರೆ ಹುಳ ಪೊರೆ ಬಿಡುವ ಮುಂಚಿನ ನಿದ್ದೆ ಅಂತ ಚಿಕ್ಕವರೂ ಹೇಳುತ್ತಾರೆ. ನೀಲಿಗೆ ತಿರುಗಿದ ಮೊಟ್ಟೆಯನ್ನು ಕತ್ತಲಲ್ಲಿಟ್ಟು, ಬೆಳಿಗ್ಗೆ ಬೆಳಕಿಗೆ ಒಡ್ಡಿದರೆ ಮರಿಗಳು ಒಟ್ಟಿಗೆ ಹೊರಡುವುದನ್ನೂ ಅವರು ಕಂಡಿದ್ದಾರೆ. ಬೆಳಕಿಗೂ ಮೊಟ್ಟೆಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ.

18ನೇ ಶತಮಾನದ ಕೊನೆಯಲ್ಲಿ, ಟಿಪ್ಪುವಿನ ಕಾಲದಲ್ಲಿ, ಮೈಸೂರು ಸೀಮೆಯಲ್ಲಿ ರೇಷ್ಮೆ ಬೇರೂರಿತು. ಇಲ್ಲಿ ನೆಲೆಯಾದ ಮೈಸೂರು ತಳಿ ವರ್ಷವಿಡೀ ಮೊಟ್ಟೆಯೊಡೆಯುತ್ತದೆ. ಆದರೆ ಅದರ ಗೂಡಿನಲ್ಲಿ ನೂಲು ಸುಮಾರು 350 ಮೀಟರ್ ಅಷ್ಟೇ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರ್ ದಾಟುತ್ತದೆ. ತೊಂದರೆ ಏನೆಂದರೆ ದ್ವಿತಳಿ ಚಿಟ್ಟೆಯ ಮೊಟ್ಟೆ ತಿಂಗಳುಗಟ್ಟಲೆ ಮಲಗಿಬಿಡಬಹುದು. ತೋಟದಲ್ಲಿ ಸೊಪ್ಪು ಬಲಿತು ನಿಂತಿದೆ, ಮರಿ ಬರಲಿಲ್ಲ ಎಂದರೆ ರೈತನ ಗತಿ?

ಮಲಗುವುದೋ ಏಳುವುದೋ ಎಂಬುದನ್ನು ನಿರ್ಧರಿಸುವುದು ತಾಯಿ. ಅದೂ ತಾನು ಮೊಟ್ಟೆಯಾಗಿದ್ದಾಗ ಕಂಡ ಬೆಳಕಿನಿಂದ! ಜಪಾನಿನ ಕೊಗುರೆ ಇದನ್ನು 1933ರಲ್ಲಿ ವಿವರವಾಗಿ ಪ್ರಕಟಿಸಿದರು. ದೀರ್ಘ ಹಗಲು, 25 ಡಿಗ್ರಿ ಶಾಖದಲ್ಲಿ ಕಾವು ಪಡೆದ ಹೆಣ್ಣು ಮುಂದೆ ಮಲಗುವ ಮೊಟ್ಟೆ ಇಡುತ್ತದೆ. ಕತ್ತಲು, 15 ಡಿಗ್ರಿ ತಂಪಿನಲ್ಲಿ ಕಾವು ಪಡೆದದ್ದು ಬೇಗ ಒಡೆಯುವ ಮೊಟ್ಟೆ ಇಡುತ್ತದೆ. ಬೇಸಿಗೆ ಕಂಡ ತಾಯಿ ಚಳಿಗಾಲಕ್ಕೆ ಮಕ್ಕಳನ್ನು ಸಿದ್ಧ ಮಾಡಿದಂತೆ.

ನಾರ್ವೆಯ ಸಾಲ್ಮನ್ ಮೀನಿನದೂ ಇಂಥದೇ ಕಥೆ. ಹೊಳೆಯಲ್ಲಿ ಹುಟ್ಟಿದ ಮರಿ, ವಸಂತದಲ್ಲಿ ಹಗಲು ಉದ್ದವಾದಾಗ ಬೆಳ್ಳಿಬಣ್ಣ ತಳೆಯುತ್ತದೆ. ಅದರ ಕಿವಿರು ಉಪ್ಪನ್ನು ಹೊರಹಾಕಲು ಕಲಿಯುತ್ತದೆ. ಅದಕ್ಕೆ ಮೊದಲೇ ಕಡಲಿಗೆ ಬಿಟ್ಟರೆ ಸಾಯಬಹುದು. ಹಾಗಾಗಿ ಸಾಕುವವರು ತೊಟ್ಟಿಗಳಿಗೆ ಮೊದಲು ಕೆಲವು ವಾರ ಗಿಡ್ಡ ಹಗಲು, ಆಮೇಲೆ ದೀಪ ಹಾಕಿ ಉದ್ದ ಹಗಲು ಕೊಡುತ್ತಾರೆ.

ರಾಯದುರ್ಗದಿಂದ ಮಡಕಶಿರಾದವರೆಗೆ ನಮ್ಮ ಅತಿ ದೊಡ್ಡ ಹಗಲು ಸುಮಾರು 13 ಗಂಟೆ, ಚಿಕ್ಕದು 11 ಕಾಲು. ನಾರ್ವೆಗೆ ಹೋಲಿಸಿದರೆ ಇದು ವ್ಯತ್ಯಾಸವೇ ಅಲ್ಲ.

ಮೈಸೂರಿನವರು 1920ರ ದಶಕದಲ್ಲೇ ಒಂದು ಜಾಣತನ ಮಾಡಿದ್ದರು. ಮೈಸೂರು ತಳಿ ಹೆಣ್ಣಿಗೆ ಹೊರಗಿನ ಗಂಡು ಕೂಡಿಸಿದರು. ತಾಯಿ ಮೈಸೂರಿನವಳಾದ್ದರಿಂದ ಮೊಟ್ಟೆ ಮಲಗಲಿಲ್ಲ! ನಮ್ಮ ಹಳದಿ ಗೂಡಿನ ಮಿಶ್ರತಳಿ ಬಂದದ್ದು ಹೀಗೆ. ಬಿಳಿ ಗೂಡಿನ ದ್ವಿತಳಿಗೆ ಈ ಉಪಾಯ ಸಾಲದು. ಮೊಟ್ಟೆ ಇಟ್ಟ ಒಂದು ದಿನದೊಳಗೆ, 46 ಡಿಗ್ರಿಗೆ ಬಿಸಿ ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷದಷ್ಟು ಅದ್ದಿ ತೊಳೆದರೆ ಮೊಟ್ಟೆ ಮಲಗದೆ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ.