ಸೀನಿಯರ್ ರೆಸಿಡೆಂಟ್ ಹುದ್ದೆಯ ನೇರ ಸಂದರ್ಶನ: ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ವೈದ್ಯರಿಗೆ ಮಾಹಿತಿ

ಎಂ.ಡಿ., ಎಂ.ಎಸ್. ಪ್ರವೇಶಕ್ಕೆ ಸಂದರ್ಶನವಿರುವುದಿಲ್ಲ. ರಾಜ್ಯ ಕೋಟಾದ ಸೀಟುಗಳನ್ನು ನೀಟ್ ಪಿ.ಜಿ. ಫಲಿತಾಂಶದ ಆಧಾರದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚಿಕೆ ಮಾಡುತ್ತದೆ. ಸಂದರ್ಶನ ಎದುರಿಸಬೇಕಾಗುವುದು ಸ್ನಾತಕೋತ್ತರ ಪದವಿಯ ನಂತರ, ಸೀನಿಯರ್ ರೆಸಿಡೆಂಟ್ ಹುದ್ದೆಗೆ. 2005ರಲ್ಲಿ ಸ್ಥಾಪನೆಯಾದ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಸರ್ಕಾರಿ ಸಂಸ್ಥೆಗಳು ಇದಕ್ಕಾಗಿ ಪ್ರಕಟಣೆ ಹೊರಡಿಸುತ್ತವೆ. ಸಹಾಯಕ ಪ್ರಾಧ್ಯಾಪಕರಾಗಬಯಸುವವರಿಗೆ ಸಾಮಾನ್ಯವಾಗಿ ಈ ಹುದ್ದೆಯಲ್ಲಿ ಒಂದು ವರ್ಷದ ಅನುಭವ ಅಗತ್ಯ. ಆದುದರಿಂದ ದಾಖಲೆಯೊಂದರ ಕೊರತೆಯಿಂದ ಅವಕಾಶ ತಪ್ಪಿದಲ್ಲಿ ವರ್ಷವೇ ವ್ಯರ್ಥವಾಗುವ ಸಂಭವವಿದೆ.

ಎಂ.ಬಿ.ಬಿ.ಎಸ್. ನೋಂದಣಿ ಮಾತ್ರ ಸಾಲದು. ಸ್ನಾತಕೋತ್ತರ ಪದವಿಯನ್ನೂ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಿರತಕ್ಕದ್ದು. ಪರಿಷತ್ತು ಬೆಂಗಳೂರಿನಲ್ಲಿದ್ದು, ಪ್ರಕಟಣೆ ಹೊರಬಿದ್ದ ಮೇಲೆ ಈ ಕಾರ್ಯ ಆರಂಭಿಸುವುದು ತಡವೆಂದೇ ತಿಳಿಯಬೇಕು. ಮೀಸಲಾತಿ ಕೋರುವ ಖಾನಾಪುರದ ಅಭ್ಯರ್ಥಿಗಳು ಜಾತಿ ಪ್ರಮಾಣಪತ್ರವನ್ನು ಬೆಳಗಾವಿಯಲ್ಲಲ್ಲ, ತಮ್ಮ ತಾಲ್ಲೂಕಿನ ನಾಡಕಚೇರಿಯ ಮೂಲಕವೇ ಪಡೆಯಬೇಕು. ಪ್ರವರ್ಗ 2ಎ, 2ಬಿ, 3ಎ, 3ಬಿ ಅಭ್ಯರ್ಥಿಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಹಳೆಯದನ್ನು ಮೊದಲೇ ಪರಿಶೀಲಿಸಿಕೊಳ್ಳುವುದು.

ವಿಷಯ ಜ್ಞಾನದ ಜೊತೆಗೆ ಸ್ಥಳೀಯ ಪರಿಸ್ಥಿತಿಯ ಅರಿವೂ ಇರಬೇಕು. ಖಾನಾಪುರ ಕಾಡಂಚಿನ ತಾಲ್ಲೂಕು. ಅಲ್ಲಿಂದ ಹಾವು ಕಡಿದ ಮಗುವನ್ನು ಬೆಳಗಾವಿಗೆ ಕಳುಹಿಸಿದಲ್ಲಿ ಮೊದಲು ಮಾಡಬೇಕಾದುದೇನು ಎಂಬಂತಹ ಪ್ರಶ್ನೆಗೆ ಮಕ್ಕಳ ವಿಭಾಗ, ಮೆಡಿಸಿನ್ ವಿಭಾಗದ ಅಭ್ಯರ್ಥಿಗಳು ಸಿದ್ಧರಿರುವುದು ಒಳಿತು. ಹಾವಿನ ಪ್ರತಿವಿಷದ ಪ್ರಮಾಣ ಮಕ್ಕಳಿಗೂ ವಯಸ್ಕರಿಗೂ ಒಂದೇ. ಇಲ್ಲಿ ತೂಕದ ಲೆಕ್ಕ ಹಾಕುವುದು ತಪ್ಪು. ಕನ್ನಡದೊಂದಿಗೆ ಮರಾಠಿಯನ್ನೂ ಬಲ್ಲವರು ಅದನ್ನು ತಿಳಿಸಲು ಹಿಂಜರಿಯಬೇಕಾಗಿಲ್ಲ. ಈ ಭಾಗದ ಹೊರರೋಗಿ ವಿಭಾಗಕ್ಕೆ ಎರಡೂ ಬೇಕಾಗುತ್ತವೆ.

ಮೂಲ ದಾಖಲೆಗಳೊಡನೆ ಸ್ವಯಂ ದೃಢೀಕರಿಸಿದ ಜೆರಾಕ್ಸ್ ಪ್ರತಿಗಳನ್ನು ಹಾಜರುಪಡಿಸತಕ್ಕದ್ದು.